ಥರ್ಜಾ ಪೆಟಿಂಗಿಲ್ ಕಥೆ ಬಿಡಿಸಿ ಹೇಳಿದ ಮಧ್ಯಾಹ್ನ

ಹಾಲಿನ ಕೆನೆ ಕಂಡರೆ ನನಗೆ ಇವತ್ತಿಗೂ ಹೊಟ್ಟೆ ತೊಳಸುತ್ತದೆ. ನನಗೆ ಯಾರೂ ಬಲವಂತವಾಗಿ ಕೆನೆ ತಿನ್ನಿಸಿದವರಿಲ್ಲ. ತಿನ್ನಿಸಿದ್ದು ನನ್ನ ಗೆಳತಿ ಥರ್ಜಾಳಿಗೆ. ಅವಳ ಪರವಾಗಿ ಅಸಹ್ಯಪಡುವ ಅಭ್ಯಾಸ ಮಾತ್ರ ನನಗೆ ಅಂಟಿಕೊಂಡುಬಿಟ್ಟಿತು.

ನಮ್ಮದು ಮ್ಯಾಸಚೂಸೆಟ್ಸಿನ ಕಡಲ ದಂಡೆಯ ಸ್ಕೋವೆಲ್ ಎಂಬ ಊರು. ನಾನು ಹಲ್ಡಾ ಫಿಲ್‌ಬ್ರಿಕ್, ಮದುವೆಯಾಗದವಳು, ಊರಿನ ಲೈಬ್ರರಿ ನೋಡಿಕೊಳ್ಳುತ್ತಿದ್ದೆ. ಥರ್ಜಾ ನಮ್ಮೂರ ಶಾಲೆಯಲ್ಲಿ ಭೂಗೋಳ ಹೇಳಿಕೊಡುತ್ತಿದ್ದಳು. ಕಾಣದ ನದಿಗಳ ಹೆಸರನ್ನು ಸ್ವಂತ ನೆಂಟರ ಹೆಸರು ಹೇಳಿದ ಹಾಗೆ ಹೇಳುತ್ತಿದ್ದಳು. ಔಷಧಿ ಅಂಗಡಿಯ ಆರಿನ್ ಪೆಟಿಂಗಿಲ್‌ನನ್ನು ಮದುವೆಯಾದ ಮೇಲೆ ಕೆಲಸ ಬಿಡಬೇಕಾಯಿತು, ಮದುವೆಯಾದವಳನ್ನು ಶಾಲೆಯಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ಆರಿನ್ ಕೆಟ್ಟವನಲ್ಲ. ಜೇಬಿನಲ್ಲಿ ಸದಾ ಪೆಪ್ಪರ್‌ಮೆಂಟು ಇಟ್ಟುಕೊಂಡು ಮಕ್ಕಳಿಗೆ ಹಂಚುವವನು, ಯಾರಿಗೂ ಇಲ್ಲ ಎನ್ನಲಾರದವನು. ಅಮ್ಮನಿಗಂತೂ ಮೊದಲೇ ಇಲ್ಲ. ಅವನ ತಾಯಿ ಕೆಜಾಯಾ ಅದೇ ಮನೆಯಲ್ಲಿದ್ದಳು.

೧೮೮೯ರ ಚಳಿಗಾಲದಲ್ಲಿ ಥರ್ಜಾಳಿಗೆ ಹೆಣ್ಣು ಮಗು ಹುಟ್ಟಿತು. ಏವಿಸ್ ಎಂದು ಹೆಸರಿಟ್ಟರು. ಆಮೇಲೆ ಥರ್ಜಾಳ ನಿದ್ದೆ ಹೋಯಿತು. ಮಗುವಿನ ನೆತ್ತಿಯ ಮೆತ್ತನೆ ಜಾಗ ಮುಟ್ಟಲು ಹೆದರುತ್ತಿದ್ದಳು. ಕೈಯಲ್ಲಿ ಕಪ್ಪು ಹಿಡಿದು ಹಿಡಿದಂತೆಯೇ ಅಳುತ್ತಿದ್ದಳು. ಒಂದು ಬೆಳಿಗ್ಗೆ ಅಂಗಡಿಯ ಹಿಂದಿನ ಹಿಮದಲ್ಲಿ ಬರೀ ಕಾಲುಚೀಲದಲ್ಲಿ ನಿಂತಿದ್ದಳು. ನಾನೇ ಕೈ ಹಿಡಿದು ಒಳಗೆ ಕರೆತಂದೆ.

"ಏನಾಯ್ತೇ ನಿನಗೆ?" ಅಂದೆ.

"ಗೊತ್ತಿಲ್ಲ ಕಣೇ ಹಲ್ಡಾ. ಒಳಗೆ ಯಾರೋ ದೀಪ ಆರಿಸಿಬಿಟ್ಟು ಹೋಗಿದಾರೆ," ಅಂದಳು.

ಕಾಯಿಲೆ ಇತ್ತು, ಅದು ನಿಜ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಆಮೇಲೆ ನಾನು ಡಾಕ್ಟರನ್ನು ಬೈಯುವಾಗ, ಈ ಮುದುಕಿ ಕಾಯಿಲೆಯೇ ಇರಲಿಲ್ಲ ಅಂತಾಳೆ ಎಂದು ಯಾರೂ ಅಂದುಕೊಳ್ಳಬಾರದು.

ಡಾಕ್ಟರ್ ಲೂಥರ್ ಹೋವಿ ಬಂದರು. ಊರಿಗೆಲ್ಲ ಅವರೇ ಡಾಕ್ಟರು. ದೊಡ್ಡ ಪಟ್ಟಣದಲ್ಲಿ ಹೊಸ ಚಿಕಿತ್ಸೆಯೊಂದನ್ನು ಕಲಿತು ಬಂದಿದ್ದರು. ನರ ದುರ್ಬಲವಾದ ಹೆಂಗಸನ್ನು ಮಲಗಿಸಿಬಿಡಬೇಕು. ಪೂರ್ತಿ ಮಲಗಿಸಬೇಕು. ಓದುವ ಹಾಗಿಲ್ಲ, ಬರೆಯುವ ಹಾಗಿಲ್ಲ, ಸೂಜಿ ಹಿಡಿಯುವ ಹಾಗಿಲ್ಲ, ನೆಂಟರು ಗೆಳತಿಯರು ಸುಳಿಯುವ ಹಾಗಿಲ್ಲ. ಮಗುವನ್ನಂತೂ ತೋರಿಸಲೇಬಾರದು. ಎರಡೆರಡು ಗಂಟೆಗೊಮ್ಮೆ ಹಾಲು, ನಡುನಡುವೆ ಕುರಿ ಮಾಂಸದ ಗಟ್ಟಿ ರಸ, ಹಸಿ ಮೊಟ್ಟೆ. ಮೈಗೆ ಕೊಬ್ಬು ಹತ್ತಿದರೆ ಮನಸ್ಸು ತಾನಾಗಿ ಸುಮ್ಮನಾಗುತ್ತದೆ ಎಂಬುದು ಅವರ ಸಿದ್ಧಾಂತ. ಅದಕ್ಕಾಗಿ ಮಿಸ್ ಗೋರಮ್ ಎಂಬ ನರ್ಸನ್ನೂ ಕಳಿಸಿದರು.

ನಾನೊಂದು ದಿನ ಭೂಪಟದ ಪುಸ್ತಕ ಹಿಡಿದು ಹೋದೆ. ಕೆಜಾಯಾ ಬಾಗಿಲಲ್ಲೇ ತಡೆದಳು.

"ಪುಸ್ತಕ ತಂದಿದೀಯಾ? ಅವಳ ತಲೆ ಕೆಡಿಸಿದ್ದೇ ಅದು. ಗಂಡ ಇಲ್ಲದೋಳಿಗೆ ಎಲ್ಲಿ ಗೊತ್ತಾಗ್ಬೇಕು ಇದೆಲ್ಲ."

"ಚಿತ್ರ ಅಷ್ಟೇ ಅಮ್ಮಾ ಇದರಲ್ಲಿರೋದು. ಓದೋದೇನೂ ಇಲ್ಲ."

"ನೋಡೋದೂ ಓದೋದೇ. ನಡಿ, ನಡಿ."

ಅಷ್ಟರಲ್ಲಿ ನರ್ಸ್ ಮೇಲಿಂದ ಕೂಗಿ ಕೆಜಾಯಾಳನ್ನು ಯಾವುದಕ್ಕೋ ಕರೆದಳು. ಮೇಲಿನ ಮೆಟ್ಟಿಲ ತನಕ ನಾನೂ ಅವಳ ಹಿಂದೆಯೇ ಹತ್ತಿಹೋದೆ. ಬಾಗಿಲು ಅರೆ ತೆರೆದಿತ್ತು. ವಾಸನೆ ಮೊದಲು ಬಂತು. ಹುಳಿ ಹಿಡಿದ ಹಾಲು, ಕರ್ಪೂರ, ಕುರಿಯ ನೆಣ, ತೊಳೆಯದ ಪಾತ್ರೆ, ಎಲ್ಲ ಕಿಟಕಿ ಮುಚ್ಚಿದ ಕೋಣೆಯ ಬಿಸಿಯಲ್ಲಿ ಬೆಂದು ಬಂದಂಥ ವಾಸನೆ. ಹಾಸಿಗೆಯ ಮೇಲೆ ನಾದಿದ ಹಿಟ್ಟಿನಂತೆ ಬೆಳ್ಳಗೆ ಊದಿದ ಮುಖವೊಂದಿತ್ತು. ಅದು ಥರ್ಜಾ ಎಂದು ತಿಳಿಯಲು ನನಗೆ ಒಂದು ಗಳಿಗೆ ಬೇಕಾಯಿತು.

"ಮಿಸ್ ಗೋರಮ್, ಮಗ್ಗಲು ತಿರುಗ್ಲಾ?" ಎಂದು ಆ ಮುಖ ಕೇಳಿತು.

"ಹಾಲು ಇಳೀಲಿ, ಆಮೇಲೆ ತಿರುಗಿಸ್ತೀನಿ ಜಾಣೆ," ಅಂದಳು ನರ್ಸ್, ಗಲ್ಲದ ಮೇಲೆ ಹರಿದ ಹಾಲನ್ನು ಚಮಚದಿಂದಲೇ ಕೆರೆದು ಮತ್ತೆ ಬಾಯಿಗೆ ಸುರಿಯುತ್ತಾ.

ನಾನು ಮನೆಗೆ ಹೋಗಿ ಬೇಲಿಯ ಹತ್ತಿರ ವಾಂತಿ ಮಾಡಿಕೊಂಡೆ.

ಆರು ವಾರ ಕಳೆದ ಮೇಲೆ ಅವಳನ್ನು ಕೆಳಗಿಳಿಸಿದರು. ಊರು ಹೊಗಳಿತು. ಥರ್ಜಾ ಅಳುತ್ತಿರಲಿಲ್ಲ, ನಿಜ. ಕೇಳಿದ್ದಕ್ಕೆ ನಗುತ್ತಿದ್ದಳು, ಹೇಳಿದಲ್ಲಿ ಕೂರುತ್ತಿದ್ದಳು. ಡಾಕ್ಟರ್ ಹೋವಿ ಬೀದಿಯಲ್ಲಿ ಕಂಡರೆ ಅವಳ ಕೆನ್ನೆ ಹಿಂಡಿ, "ನೋಡಿ, ಹೇಗೆ ತುಂಬಿಕೊಂಡಿದಾಳೆ!" ಎಂದು ಪಕ್ಕದವರಿಗೆ ತೋರಿಸುತ್ತಿದ್ದರು, ಸಂತೆಯಲ್ಲಿ ಹಂದಿಮರಿ ತೋರಿಸುವವರಂತೆ. ನನ್ನ ಲೈಬ್ರರಿಗೆ ಎರಡು ವರ್ಷ ಅವಳು ಕಾಲಿಡಲಿಲ್ಲ. ನಮ್ಮ ಕಡೆ ಚೌಡರ್ ಎಂಬ ಮೀನಿನ ಗಟ್ಟಿ ಸಾರಿಗೆ ಹಾಲು ಹಾಕದಿದ್ದರೆ ಧರ್ಮಲೋಪವಾದಂತೆ. ಅವಳು ಬರೀ ನೀರಿನಲ್ಲಿ ಮಾಡುತ್ತಿದ್ದಳು. ಕೆಜಾಯಾ ಅದನ್ನು ಊರೆಲ್ಲ ಹೇಳಿಕೊಂಡು ಬಂದಳು.

ಆಮೇಲೆ ಥರ್ಜಾ ನಿಧಾನವಾಗಿ ಪುಸ್ತಕಕ್ಕೆ ಬರತೊಡಗಿದಳು. ನಮ್ಮ ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಗುರುವಾರದ ದಿನ ಹೆಂಗಸರ ಓದಿನ ಕೂಟ ಸೇರುತ್ತಿತ್ತು. ಡಾಕ್ಟರ ಹೆಂಡತಿ ಮಿಸೆಸ್ ಹೋವಿ ಅದರ ಅಧ್ಯಕ್ಷೆ. ಥರ್ಜಾ ಮೂಲೆಯಲ್ಲಿ ಕೂತು ಕೇಳಿಸಿಕೊಂಡು ಹೋಗುತ್ತಿದ್ದಳು.

ಆ ವಸಂತದಲ್ಲಿ ಬಾಸ್ಟನ್ನಿನ ಒಂದು ಮಾಸಿಕದಲ್ಲಿ ಕಥೆಯೊಂದು ಬಂತು. ಬರೆದವರ ಹೆಸರಿರಲಿಲ್ಲ. ನ್ಯಾಯಾಧೀಶರೊಬ್ಬರು ಕಾಯಿಲೆಯ ಹೆಂಡತಿಯನ್ನು ಅವಳ ಒಳಿತಿಗೆಂದು ಮೇಲಿನ ಕೋಣೆಯಲ್ಲಿ ಇರಿಸುತ್ತಾರೆ. ಎಲ್ಲ ಕಸಿದುಕೊಂಡ ಮೇಲೆ ಅವಳ ಹತ್ತಿರ ಉಳಿಯುವುದು ಹೊದ್ದುಕೊಳ್ಳುವ ಕೌದಿಯೊಂದೇ. ಆ ಮನೆಯಲ್ಲಿ ಬಾಳಿ ಸತ್ತ ಹೆಂಗಸರ ಹಳೆ ಲಂಗಗಳ ತುಂಡುಗಳಿಂದ ಹೊಲಿದ ಕೌದಿ. ಅವಳು ಉಗುರಿನಿಂದ ಒಂದೊಂದೇ ಹೊಲಿಗೆ ಬಿಚ್ಚುತ್ತಾಳೆ. ಕೊನೆಗೆ ಗಂಡ ಬಾಗಿಲು ತೆಗೆದಾಗ ತುಂಡುಗಳೆಲ್ಲ ನೆಲದ ತುಂಬ ಬಿದ್ದಿರುತ್ತವೆ. "ಅವರೆಲ್ಲ ಹೊರಟುಹೋದರು. ನಾನೇ ಕೊನೆಯ ತುಂಡು, ನನ್ನನ್ನು ಮತ್ತೆ ಹೊಲಿಯಬೇಡಿ" ಅನ್ನುತ್ತಾಳೆ. ಅಷ್ಟೇ ಕಥೆ. ಈಗ ಕಾಲೇಜು ಹುಡುಗಿಯರು ಅದನ್ನು ಪಾಠವಾಗಿ ಓದುತ್ತಾರೆ. ಆಗ ಊರವರು ಬಾಗಿಲು ಹಾಕಿಕೊಂಡು ಓದಿದರು.

ಕೂಟದಲ್ಲಿ ಗುಸುಗುಸು ಹೆಚ್ಚಾಯಿತು. ಮಿಸೆಸ್ ಹೋವಿ ಒಂದು ಉಪಾಯ ಮಾಡಿದಳು. "ಇದು ವೈದ್ಯಕ್ಕೆ ಸಂಬಂಧಪಟ್ಟ ಕಥೆ. ನಮಗ್ಯಾಕೆ ತಲೆನೋವು? ನಮ್ಮ ಯಜಮಾನ್ರೇ ಬಂದು ಅರ್ಥ ಹೇಳ್ತಾರೆ."

ಡಾಕ್ಟರ್ ಬಂದರು. ಜೊತೆಗೆ ಪಾದ್ರಿಯವರನ್ನೂ ಕರೆತಂದರು. ನಿಂಬೆ ಕೇಕು, ಚಹಾ ಸಿದ್ಧವಾಗಿತ್ತು. ಡಾಕ್ಟರ್ ಬಾಯೊರೆಸಿಕೊಂಡು ಎದ್ದು ನಿಂತು ಶುರುಮಾಡಿದರು.

"ತಾಯಂದಿರೇ, ಕಥೆ ಬಹಳ ಸರಳ. ಆಜ್ಞೆ ಮೀರಿದ್ದರ ಫಲ ಇದು. ಬೆರಳು ಆಡಿಸಬೇಡ ಅಂದ್ರೆ ಆಡಿಸಿದಳು. ಕದ್ದು ಆಡಿಸಿದಳು. ನರದಲ್ಲಿದ್ದ ರೋಗ ತಲೆಗೇರಿತು. ಗಂಡ ದೇವರಂಥೋನು. ಕಥೆ ಬರೆದೋರಿಗೆ ಅದು ಕಾಣ್ಲಿಲ್ಲ, ಪಾಪ, ಅವರಿಗೂ ಚಿಕಿತ್ಸೆ ಬೇಕೋ ಏನೋ."

ಎಲ್ಲರೂ ನಕ್ಕರು. ಪಾದ್ರಿಯವರು ಕೇಕಿನ ಇನ್ನೊಂದು ತುಂಡಿಗೆ ಕೈ ಹಾಕಿದರು.

"ಇದೇ ಚಿಕಿತ್ಸೆಯನ್ನ ಮಾತು ಕೇಳೋ ಹೆಂಗಸು ತಗೊಂಡ್ರೆ ಏನಾಗುತ್ತೆ? ಅದಕ್ಕೆ ಸಾಕ್ಷಿ ಬೇರೆ ಕಡೆ ಹುಡುಕೋದು ಬೇಡ. ನಮ್ಮ ಮಿಸೆಸ್ ಪೆಟಿಂಗಿಲ್ ಇಲ್ಲೇ ಇದಾರೆ. ಏಳಿ, ಏಳಿ ತಾಯಿ, ನಾಚ್ಕೋಬೇಡಿ. ಎಲ್ಲರೂ ನೋಡ್ಲಿ."

ಥರ್ಜಾ ಎದ್ದಳು. ಎದ್ದವಳು ಕೂರಲಿಲ್ಲ.

"ಡಾಕ್ಟ್ರೇ, ಕಥೆ ನಾನೂ ಓದಿದೀನಿ. ಒಂದೆರಡು ಮಾತು ಹೇಳ್ಲಾ?"

"ಹೇಳಿ ಜಾಣೆ, ಹೇಳಿ."

"ಆ ನ್ಯಾಯಾಧೀಶ್ರು ಕೋಣೆಗೆ ಬಂದಾಗೆಲ್ಲ ಮೊದಲು ತಟ್ಟೆ ನೋಡ್ತಾರೆ, ಆಮೇಲೆ ಹೆಂಡ್ತಿ ಮುಖ. ಕಥೆ ಪೂರ್ತಿ ಹಾಗೇ. ಊಟ ಆಯ್ತಾ ಅಂತಾರೆ, ನಿದ್ದೆ ಬಂತಾ ಅಂತಾರೆ. ನಿನಗೆ ಏನಾಗ್ತಿದೆ ಅಂತ ಒಂದು ಸಲ ಕೇಳಲ್ಲ. ಬೇಕಾದ್ರೆ ಹಲ್ಡಾ ಪುಸ್ತಕ ತರ್ತಾಳೆ, ನೋಡಿ."

ಯಾರೂ ನೋಡುವುದಕ್ಕೆ ಕೇಳಲಿಲ್ಲ.

"ನಿಮಗೆಲ್ಲ ಅವಳಿಗೆ ಹುಚ್ಚು ಹಿಡಿದದ್ದು ಕೊನೇ ಪುಟದಲ್ಲಿ ಅನ್ಸಿದೆ. ನನಗೆ ಮೊದಲನೇ ಪುಟದಲ್ಲೇ ಭಯ ಆಯ್ತು. 'ಅವರು ಮಾಡೋದೆಲ್ಲ ನನ್ನ ಒಳ್ಳೇದಕ್ಕೇ, ನಾನೇ ಕೃತಘ್ನೆ' ಅಂತಾಳಲ್ಲ, ಅಲ್ಲಿ. ಕೌದಿ ಬಿಚ್ಚಿದ್ದು ಹುಚ್ಚಿಗಲ್ಲ. ಆ ಕೋಣೇಲಿ ಅವಳು ತಾನೇ ಶುರುಮಾಡಿ ತಾನೇ ಮುಗಿಸಬಹುದಾದ ಕೆಲಸ ಅದೊಂದೇ ಇದ್ದದ್ದು."

"ಮಿಸೆಸ್ ಪೆಟಿಂಗಿಲ್, ಸಾಕು ಅನ್ಸುತ್ತೆ," ಅಂದಳು ಮಿಸೆಸ್ ಹೋವಿ.

"ಅವಳಿಗೆ ಕಾಯಿಲೆ ಇತ್ತು. ನನಗೂ ಇತ್ತು. ನಾನು ವಾಸಿಯಾದೆ ಅಂತ ಡಾಕ್ಟ್ರು ಎಲ್ಲರ ಮುಂದೆ ನಿಲ್ಲಿಸಿದಾರೆ, ಅದಕ್ಕೇ ಹೇಳ್ತೀನಿ. ನಾನು ವಾಸಿ ಆಗ್ಲಿಲ್ಲ, ಸುಳ್ಳು ಹೇಳೋದು ಕಲಿತೆ. ಹೇಗಿದೀಯ ಅಂದ್ರೆ ಸುಖವಾಗಿದೀನಿ ಅನ್ನೋದು ಕಲಿತೆ. ಅದನ್ನ ಹೇಳೋ ತನಕ ಬಾಗಿಲು ತೆಗೀಲಿಲ್ಲ. ಮಗ್ಗಲು ತಿರುಗೋಕೆ ಅಪ್ಪಣೆ ಬೇಕಿತ್ತು. ನನ್ನ ಪಾತ್ರೆಯಲ್ಲಿದ್ದ ಮಲ ಯಾವ ಬಣ್ಣ ಅಂತ ನನ್ನ ಗಂಡನೂ ಡಾಕ್ಟ್ರೂ ಬಾಗಿಲಲ್ಲಿ ನಿಂತು ಮಾತಾಡಿಕೊಳ್ತಿದ್ರು, ನಾನು ಮೂರು ಮಾರು ದೂರದಲ್ಲಿ ಕಣ್ಣು ಬಿಟ್ಕೊಂಡು ಮಲಗಿರೋವಾಗ. ನನ್ನ ಮಗೂ ಎದೆಹಾಲಿಗೆ ಕೆಳಗಡೆ ಅಳ್ತಿತ್ತು, ಮೇಲ್ಗಡೆ ನನ್ನ ಗಂಟಲಿಗೆ ಹಸುವಿನ ಹಾಲು ಹೊಯ್ತಿದ್ರು. ಇದಕ್ಕೆ ಏನು ಅರ್ಥ ಹೇಳ್ತೀರ ಹೇಳಿ?"

ಕೋಣೆಯಲ್ಲಿ ಅಸಹ್ಯ ತುಂಬಿತು. ಆದರೆ ಯಾರ ಮೇಲೆ? ಹೆಂಗಸರು ಕರವಸ್ತ್ರ ಮೂಗಿಗೆ ಹಿಡಿದದ್ದು ಥರ್ಜಾಳ ಕಡೆ ನೋಡಿಕೊಂಡು. ಪಾದ್ರಿಯವರ ಮುಂದೆ ಪಾತ್ರೆ, ಮಲ, ಮೊಲೆಹಾಲು! ಮಾಡಿದವರಿಗಿಲ್ಲದ ನಾಚಿಕೆ ಹೇಳಿದವಳಿಗೆ ಬೇಕಿತ್ತಂತೆ. ಡಾಕ್ಟರ್ ಹೋವಿ ಸಿಟ್ಟಾಗಲಿಲ್ಲ. ಮೃದುವಾಗಿ ನಕ್ಕರು. ಆ ನಗು ನೆನೆದರೆ ನನ್ನ ಮೈಮೇಲೆ ಲೋಳೆ ಸವರಿದಂತಾಗುತ್ತದೆ.

"ನೋಡಿದ್ರಾ ತಾಯಂದಿರೇ," ಅಂದರು, "ಇಂಥ ಕಥೆ ಒಂದು ದುರ್ಬಲ ಮನಸ್ಸಿಗೆ ಏನು ಮಾಡುತ್ತೆ ಅಂತ?"

ಥರ್ಜಾ ಟೋಪಿ ಹಾಕಿಕೊಂಡು ಹೊರಟುಹೋದಳು. ನಾನೂ ಎದ್ದು ಹೊರಗಿನ ತನಕ ಹೋದೆ. ತಿರುಗಿ ಬಂದಾಗ ಅವರೆಲ್ಲ ಉಳಿದ ಕೇಕು ತಿನ್ನುತ್ತಿದ್ದರು. ಮಿಸೆಸ್ ಹೋವಿ ನನ್ನ ಮೇಜಿನ ಮೇಲಿದ್ದ ಕತ್ತರಿ ತೆಗೆದುಕೊಂಡು, ಆ ಮಾಸಿಕದ ಹಾಳೆಗಳನ್ನು ಬುಡದಿಂದ ನೀಟಾಗಿ ಕತ್ತರಿಸಿ ಒಲೆಗೆ ಹಾಕುತ್ತಿದ್ದಳು.

"ಅದು ಲೈಬ್ರರಿಯ ಪ್ರತಿ," ಅಂದೆ.

"ಹಲ್ಡಾ, ನೀವು ಒಳ್ಳೆ ಮನೆತನದೋರು. ಅದನ್ನ ಮರೀಬೇಡಿ," ಅಂದಳು.

ಮರುವಾರವೇ ಡಾಕ್ಟರ್ ಆರಿನ್‌ನ ಅಂಗಡಿಗೆ ಹೋಗಿ ರೋಗ ಮರುಕಳಿಸಿದೆ ಎಂದು ಹೇಳಿದರು. ಈ ಸಲ ಮನೆ ಸಾಲದು, ಬೆಟ್ಟದ ಮೇಲೆ ತಮಗೆ ಗೊತ್ತಿರುವ ನರರೋಗಿಗಳ ಆಶ್ರಮವೊಂದಿದೆ, ಅಲ್ಲಿ ಒಂದು ವರ್ಷ ಇಟ್ಟರೆ ಸರಿಹೋಗುತ್ತಾಳೆ, ಗಂಡನ ರುಜು ಸಾಕು ಅಂದರು. ಕೆಜಾಯಾ ಪೆಟ್ಟಿಗೆ ಕಟ್ಟಲು ತಯಾರಾದಳು. ಆರಿನ್ ಎಂದಿನಂತೆ ಇಲ್ಲ ಅನ್ನಲಿಲ್ಲ.

ಥರ್ಜಾ ಅಳಲಿಲ್ಲ, ಕೂಗಲಿಲ್ಲ. ಕೂಗಿದರೆ ಅದನ್ನೂ ರೋಗದ ಲೆಕ್ಕಕ್ಕೆ ಬರೆದುಕೊಳ್ಳುತ್ತಾರೆಂದು ಅವಳಿಗೆ ಗೊತ್ತಿತ್ತು. ಗಂಡನಿಗೆ ಇಷ್ಟೇ ಹೇಳಿದಳು:

"ಹೋಗ್ತೀನಿ. ಅದಕ್ಕೆ ಮುಂಚೆ ಒಂದು ಭಾನುವಾರ ನೀವು ಆ ಹಾಸಿಗೇಲಿ ಮಲಗಿ. ನಾನು ಮಲಗಿದ ಹಾಗೇ. ಒಂದೇ ದಿನ."

ಇಷ್ಟಕ್ಕೆ ಅವಳು ಸುಮ್ಮನೆ ಹೊರಡುತ್ತಾಳಲ್ಲ ಎಂಬ ಆಸೆಯಿಂದ ಆರಿನ್ ಒಪ್ಪಿಕೊಂಡ. ಅವನೇ ಎಷ್ಟೋ ವರ್ಷದ ಮೇಲೆ ನನ್ನ ಹತ್ತಿರ ಹಾಗೆ ಹೇಳಿದ. ಆ ಭಾನುವಾರ ಥರ್ಜಾ ನನ್ನನ್ನು ಮನೆಗೆ ಕರೆದಳು. ಅಡುಗೆಮನೆಯಲ್ಲಿ ಏವಿಸ್‌ಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನಾವಿಬ್ಬರೂ ಬಟಾಣಿ ಸುಲಿಯುತ್ತಿದ್ದೆವು. ನರ್ಸಿನ ಕೆಲಸವನ್ನು ಕೆಜಾಯಾ ವಹಿಸಿಕೊಂಡಳು. ನಲವತ್ತು ದಾಟಿದ ಮಗನಿಗೆ ಚಮಚದಲ್ಲಿ ತಿನ್ನಿಸುವ ಭಾಗ್ಯ ಯಾವ ತಾಯಿ ಬಿಟ್ಟಾಳು? ಪರದೆ ಎಳೆದಳು, ಪತ್ರಿಕೆ ಕಿತ್ತುಕೊಂಡಳು, ಹಾಲು ಕಾಯಿಸಿದಳು.

ಬೆಳಿಗ್ಗೆಯೆಲ್ಲ ಮೇಲೆ ನಗು ಕೇಳಿಸಿತು. ಮಧ್ಯಾಹ್ನದ ಹೊತ್ತಿಗೆ ನಗು ನಿಂತಿತು. ಮಹಡಿಯ ಹಲಗೆಗಳ ಸಂದಿಯಿಂದ ಮಾತುಗಳು ಕೆಳಗೆ ಬೀಳುತ್ತಿದ್ದವು.

"ಅಮ್ಮ, ಸಾಕು."

"ಸಾಕು ಅನ್ನೋದು ನಿನ್ನ ಕಾಯಿಲೆ ಕಣಪ್ಪ. ಬಾಯಿ ತೆಗಿ."

"ನನಗೆಲ್ಲಿ ಕಾಯಿಲೆ ಇದೆ? ಇದು ಬರೀ ಆಟ ತಾನೇ?"

"ಥರ್ಜಾನೂ ಹಾಗೇ ಅಂತಿದ್ಲು, ನನಗೇನೂ ಆಗಿಲ್ಲ ಅಂತ. ಹ್ಞಾ, ಇನ್ನೊಂದು ಚಮಚ. ಜಾಣ."

"ಅಮ್ಮ, ಕಿಟಕಿನಾದ್ರೂ ತೆಗಿಯಮ್ಮ."

"ಡಾಕ್ಟ್ರು ಬೇಡ ಅಂದಿದಾರೆ."

"ನಾನು ಎದ್ದು ಹಿತ್ತಲಿಗೆ ಹೋಗ್ಬೇಕು."

"ಪಾತ್ರೆ ಇದೆ. ನಾನು ನೋಡದ್ದು ಏನಿದೆಯೋ ನಿಂದು."

ಥರ್ಜಾ ಬಟಾಣಿ ಸುಲಿಯುವುದನ್ನು ನಿಲ್ಲಿಸಲಿಲ್ಲ. ಇನ್ನೂ ಸ್ವಲ್ಪ ಹೊತ್ತಿಗೆ ಏನೋ ಒಡೆದ ಸದ್ದಾಯಿತು. ಮೆಟ್ಟಿಲ ಮೇಲೆ ಬರಿಗಾಲಿನ ದಡದಡ ಸದ್ದು. ಆರಿನ್ ರಾತ್ರಿಯಂಗಿಯಲ್ಲಿ, ಮೀಸೆಯಲ್ಲಿ ಕೆನೆ ಹೆಪ್ಪುಗಟ್ಟಿ, ನಮ್ಮನ್ನು ದಾಟಿ ಹಿತ್ತಲಿಗೆ ಓಡಿ ಬಗ್ಗಿ ಕುಡಿದದ್ದನ್ನೆಲ್ಲ ಕಾರಿದ. ಬೆಳ್ಳನೆಯ ಹಾಲು ಮೆಟ್ಟಿಲ ಕಲ್ಲಿನ ಮೇಲೆ ಹರಿದು ಬಂತು. ಬೆಕ್ಕು ಕೂಡ ಮೂಸಿ ಹೊರಟುಹೋಯಿತು.

ಬಂದು ಬೆಂಚಿನ ಮೇಲೆ ಕೂತ.

"ಒಂದು ಹಗಲು ಕೂಡ ಆಗ್ಲಿಲ್ಲ ನನ್ನ ಕೈಲಿ," ಅಂದ. "ಅದು ಅಮ್ಮನೇ. ಪ್ರೀತಿಯಿಂದಲೇ ಕೊಟ್ಟಿದ್ದು. ಅದೇ ನೋಡು ಥರ್ಜಾ, ಪ್ರೀತಿಯಿಂದ ಕೊಡ್ತಿದ್ರೆ ಹೊಡೆಯೋಕೂ ಆಗಲ್ಲ." ತೋಳಿನಿಂದ ಮೀಸೆ ಒರೆಸಿಕೊಂಡು ಕೇಳಿದ, "ನಾನೂ ದಿನಾ ಬಂದು ತಟ್ಟೆ ನೋಡಿ ಹೋಗ್ತಿದ್ನಾ?"

"ಹ್ಞೂಂ."

"ಪಾತ್ರೆನೂ?"

"ಅದೂ."

ಅವನು ಅಳಲು ಶುರುಮಾಡಿದ. ಥರ್ಜಾ ಅವನ ಹತ್ತಿರ ಹೋಗಲಿಲ್ಲ. ಬಕೆಟ್ಟಿನಲ್ಲಿ ನೀರು ತಂದು ಹಿತ್ತಲ ಮೆಟ್ಟಿಲು ತೊಳೆದಳು. ಆಮೇಲೆ ನನಗೆ ಹೇಳಿದಳು: "ಅವರ ಕಣ್ಣೀರು ಒರೆಸೋಕೆ ನನಗೆ ಕೈ ಬರ್ಲಿಲ್ಲ ಹಲ್ಡಾ. ಅಳೋದ್ರಲ್ಲೂ ಅವರಿಗೇ ಮೊದಲ ಪಾಳಿ ಸಿಕ್ತಲ್ಲ ಅಂತ ಹೇಸಿಗೆ ಆಯ್ತು."

ಮಾರನೆಯ ದಿನ ಆರಿನ್ ಅಂಗಡಿಯಲ್ಲಿ ಡಾಕ್ಟರಿಗೆ ತಡವರಿಸಿಕೊಂಡು, ಬೆವರಿಕೊಂಡು, "ನನ್ನ ಹೆಂಡ್ತಿ ಎಲ್ಲಿಗೂ ಹೋಗಲ್ಲ" ಅಂದನಂತೆ. ಡಾಕ್ಟರ್ ಹೋವಿ ಅಂದಿನಿಂದ ತಮ್ಮ ರೋಗಿಗಳನ್ನು ಪಕ್ಕದ ಊರಿನ ಅಂಗಡಿಗೆ ಕಳಿಸತೊಡಗಿದರು. ಪೆಟಿಂಗಿಲ್ ಅಂಗಡಿ ಸೊರಗಿತು. ಕೆಜಾಯಾ ಮಗನ ಜೊತೆ ಮಾತು ಬಿಟ್ಟು ಮಗಳ ಮನೆಗೆ ಹೊರಟುಹೋದಳು. ತನ್ನಿಂದ ಏನು ತಪ್ಪಾಯಿತೆಂದು ಸಾಯುವ ತನಕ ಅವಳಿಗೆ ತಿಳಿಯಲಿಲ್ಲ. ಅವಳನ್ನು ನೆನೆದರೆ ನನಗೆ ಸಿಟ್ಟಿಗಿಂತ ಬೇರೇನೋ ಆಗುತ್ತದೆ, ಅದಕ್ಕೆ ಹೆಸರಿಡಲಾರೆ.

ಗೆದ್ದಳು, ಸುಖವಾಗಿದ್ದಳು ಎಂದು ಇಲ್ಲಿಗೆ ನಿಲ್ಲಿಸಬಹುದಿತ್ತು. ಹಾಗಾಗಲಿಲ್ಲ. ನಲವತ್ತರ ಹತ್ತಿರ ಥರ್ಜಾಳಿಗೆ ಆ ಕತ್ತಲೆ ಮತ್ತೆ ಬಂತು, ಮೊದಲಿಗಿಂತ ದಟ್ಟವಾಗಿ. ಕ್ಷೌರದ ಕತ್ತಿಯನ್ನೂ ಔಷಧಿ ಅಂಗಡಿಯ ಬೀಗದ ಕೈಯನ್ನೂ ನಿನ್ನ ಮನೆಯಲ್ಲಿಟ್ಟುಕೊ ಎಂದು ಅವಳೇ ತಂದುಕೊಟ್ಟಳು. ಕಿಟಕಿ ತೆರೆದಿಟ್ಟೆವು. ಯಾರಾದರೊಬ್ಬರು ಜೊತೆಗಿರುತ್ತಿದ್ದೆವು. ನಡೆಯಬಲ್ಲ ದಿನ ದಂಡೆಯ ಮೇಲೆ ನಡೆಸಿದೆವು. ಆರಿನ್ ಹಡಗುಗಳ ಸುದ್ದಿಯನ್ನು ಜೋರಾಗಿ ಓದುತ್ತಿದ್ದ. ಕೆಲವು ದಿನ ಯಾವುದೂ ನಾಟುತ್ತಿರಲಿಲ್ಲ. "ಓದ್ಬೇಡಿ, ನಿಮ್ಮ ದನಿ ಮೊಳೆ ಹೊಡೆದ ಹಾಗಿದೆ" ಅನ್ನುತ್ತಿದ್ದಳು. ಅವನು ನಿಲ್ಲಿಸಿ ಪಕ್ಕದಲ್ಲಿ ಕೂರುತ್ತಿದ್ದ. ಚಳಿಗಾಲ ಕಳೆದು ಬೇಸಿಗೆಯ ಹೊತ್ತಿಗೆ ಅದು ತಾನಾಗಿ ಸಡಿಲಿತು. ಯಾವುದರಿಂದ ಎಂದು ನಮ್ಮಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಗೊತ್ತಾಯಿತು ಎಂದು ಹೇಳಿಕೊಳ್ಳದಿರುವಷ್ಟು ಮರ್ಯಾದೆ ನಮಗಿತ್ತು.

ಬಾಣಂತಿಯರಿರುವ ಮನೆಗಳಿಂದ ಅವಳಿಗೆ ಕರೆ ಬರತೊಡಗಿತು. ಹಗಲು ಮುಂಬಾಗಿಲಿಂದ ಅಲ್ಲ, ಹಿತ್ತಲ ಬಾಗಿಲಿಂದ. ಅಂದು ಕರವಸ್ತ್ರ ಮೂಗಿಗೆ ಹಿಡಿದವರ ಸೊಸೆಯರೇ ಕರೆಯುತ್ತಿದ್ದರು. ಅವಳು ಹೋಗುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ಮಗುವನ್ನೆತ್ತಿಕೊಂಡು ತಾಯಿಯ ಪಕ್ಕದಲ್ಲೇ ಕೂತು ಅವಳು ಹೇಳಿದ್ದನ್ನು ಕೇಳುತ್ತಿದ್ದಳು. ಬೀದಿಯಲ್ಲಿ ಸಿಕ್ಕರೆ ಅದೇ ಮನೆಯವರು ಅವಳನ್ನು ಕಾಣದವರಂತೆ ಸಾಗುತ್ತಿದ್ದರು. ನಾನು ಉರಿದುಬೀಳುತ್ತಿದ್ದೆ. ಅವಳು ಭುಜ ಕುಣಿಸುತ್ತಿದ್ದಳು.

ಡಾಕ್ಟರ್ ಹೋವಿ ಸತ್ತಾಗ ಹೆಂಗಸರ ಕೂಟದವರು ಚೌಕದಲ್ಲಿ ಕುದುರೆಗಳಿಗೆ ನೀರಿನ ಕಲ್ಲುತೊಟ್ಟಿ ಕಟ್ಟಿಸಿ, 'ಹೆಣ್ಣುಮಕ್ಕಳ ಬಂಧು' ಎಂದು ಕೆತ್ತಿಸಿದರು. ಉದ್ಘಾಟನೆಯ ದಿನ ನಾನು ಮುಖ ಕಿವುಚಿಕೊಂಡು ನಿಂತಿದ್ದೆ. ಥರ್ಜಾ ತೊಟ್ಟಿಗೆ ಬಾಯಿ ಹಾಕಿದ ಹಾಲಿನ ಗಾಡಿಯ ಕುದುರೆಯನ್ನು ನೋಡಿ, "ಪುಣ್ಯ ಮಾಡಿತ್ತು ಕಣೇ, ಬಾಯಾರಿದಾಗ ಮಾತ್ರ ಕುಡಿಯುತ್ತೆ," ಅಂದಳು.

ಅವಳು ಹೋದ ಮಾರ್ಚಿನಲ್ಲಿ ನ್ಯುಮೋನಿಯಾ ಬಂದು ತೀರಿಕೊಂಡಳು. ಚರ್ಚಿನಲ್ಲಿ ಹೊಸ ಪಾದ್ರಿ, ಅವಳನ್ನು ಒಮ್ಮೆಯೂ ಮಾತಾಡಿಸದ ಹುಡುಗ, "ನಮ್ಮ ಈ ಸೌಮ್ಯ ಸೋದರಿ, ಎಂದೂ ದನಿಯೆತ್ತದವಳು" ಎಂದು ಆರಂಭಿಸಿದ. ಮುಂದಿನ ಬೆಂಚಿನಲ್ಲಿ ಆರಿನ್ ಕೋಲೂರಿಕೊಂಡು ಎದ್ದ. ಕಿವಿ ಮಂದವಾದ್ದರಿಂದ ಅವನ ದನಿ ಈಗ ಜೋರು.

"ಅಲ್ಲ ಸ್ವಾಮಿ," ಅಂದ. "ಅವಳು ಹಾಗಿರ್ಲಿಲ್ಲ."

ಅಷ್ಟು ಹೇಳಿ ಕೂತ. ಏವಿಸ್ ಎದ್ದು, ಪಾದ್ರಿಯ ಕೈಯಿಂದ ಪ್ರಾರ್ಥನೆ ಪುಸ್ತಕ ತೆಗೆದುಕೊಂಡು, ಉಳಿದದ್ದನ್ನು ತಾನೇ ಓದಿ ಮುಗಿಸಿದಳು.